ಒಂದೇ ಗುನ್ನೆಗೆ ಎಷ್ಟು ಕಟಕಟೆ?

‘ದಂಡಾ ಕಟ್ಟೀವ್ರಿ, ರಸೀದಿನೂ ಐತಿ. ಮತ್ತ್ಯಾಕ ಕೋರ್ಟಿಗೆ ಬಾ ಅಂತಾರ?’

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕೋರ್ಟುಗಳ ಆವರಣದಲ್ಲಿ ಈ ಪ್ರಶ್ನೆ ಹೊಸದಲ್ಲ. ಮರಳು ಹೇರಿದ ಟ್ರ್ಯಾಕ್ಟರ್ ಸಮೇತ ಸಿಕ್ಕಿಬಿದ್ದವರು ಕೇಳುತ್ತಾರೆ. ಇಲಾಖಾ ವಿಚಾರಣೆಯಲ್ಲಿ ಬಡ್ತಿ ಕಳೆದುಕೊಂಡ ಮೇಲೂ ಪೊಲೀಸ್ ಸಮನ್ಸ್ ಪಡೆದ ನೌಕರರು ಕೇಳುತ್ತಾರೆ. ಚೆಕ್ ಬೌನ್ಸ್ ಕೇಸಿನ ಜೊತೆಗೆ ವಂಚನೆ ಕೇಸನ್ನೂ ಹೊತ್ತ ವ್ಯಾಪಾರಿಗಳೂ ಕೇಳುತ್ತಾರೆ. ಒಂದು ತಪ್ಪಿಗೆ ಒಂದು ಶಿಕ್ಷೆ ಎಂಬುದು ಜನರ ಮನಸ್ಸಿನಲ್ಲಿ ಕಾನೂನಿಗಿಂತ ಮೊದಲೇ ಬೇರೂರಿರುವ ನ್ಯಾಯ. ಹಾಗಾಗಿ ಎರಡನೇ ಸಲ ಹೆಸರು ಕೂಗಿದಾಗ ಅವರಿಗೆ ಆಗುವುದು ಬರೀ ಭಯವಲ್ಲ, ಮೋಸ ಹೋದ ಸಂಕಟ.

ಸಂವಿಧಾನ ಅವರ ಪರವಾಗಿಯೇ ಮಾತಾಡುತ್ತದೆ. ಒಂದೇ ಅಪರಾಧಕ್ಕೆ ಒಬ್ಬನನ್ನು ಎರಡು ಸಲ ವಿಚಾರಣೆಗೆ ಒಳಪಡಿಸಿ ಶಿಕ್ಷಿಸಬಾರದು ಎನ್ನುತ್ತದೆ 20ನೇ ವಿಧಿಯ 2ನೇ ಖಂಡ. ವಕೀಲರು ‘ಡಬಲ್ ಜೆಪರ್ಡಿ’ ಎನ್ನುವುದು ಇದನ್ನೇ. ದಂಡ ಪ್ರಕ್ರಿಯಾ ಸಂಹಿತೆಯ 300ನೇ ಕಲಂ ಒಂದು ಹೆಜ್ಜೆ ಮುಂದೆ ಹೋಗಿ, ಶಿಕ್ಷೆಯಾದವನಿಗಷ್ಟೇ ಅಲ್ಲ, ಖುಲಾಸೆಯಾದವನಿಗೂ ರಕ್ಷಣೆ ಕೊಟ್ಟಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದ ಮೇಲೆ ಅದೇ ಮಾತು 337ನೇ ಕಲಂ ಆಗಿ ಮುಂದುವರಿದಿದೆ. ಆದರೆ ಈ ರಕ್ಷಣೆಗೆ ಒಂದು ಷರತ್ತಿದೆ. ಮೊದಲ ಸಲ ವಿಚಾರಣೆ ನಡೆಸಿದ್ದು ನ್ಯಾಯಾಲಯವೇ ಆಗಿರಬೇಕು, ಆ ನ್ಯಾಯಾಲಯಕ್ಕೆ ಆ ಪ್ರಕರಣ ನಡೆಸುವ ಅಧಿಕಾರವೂ ಇರಬೇಕು. ‘ಎಷ್ಟು ಸಲ’ ಎಂಬ ಪ್ರಶ್ನೆಗೆ ಉತ್ತರ ‘ಯಾರ ಮುಂದೆ’ ಎಂಬ ಪ್ರಶ್ನೆಯಲ್ಲಿದೆ. ಇದನ್ನು ತಿಳಿಸಿ ಹೇಳುವವರಿಲ್ಲದೆ ಎಷ್ಟೋ ಮಂದಿ ತಮಗಿಲ್ಲದ ರಕ್ಷಣೆಯನ್ನು ನಂಬಿ ಕೂರುತ್ತಾರೆ. ಇನ್ನೆಷ್ಟೋ ಮಂದಿ ಇರುವ ರಕ್ಷಣೆಯನ್ನೇ ಕೇಳದೆ ಕಳೆದುಕೊಳ್ಳುತ್ತಾರೆ.

ಟ್ರ್ಯಾಕ್ಟರಿನ ರಸೀದಿ

ಒಂದು ಪ್ರಸಂಗ ಊಹಿಸಿಕೊಳ್ಳಿ. ಯಲಬುರ್ಗಾ ಕಡೆಯ ಹಿರೇಹಳ್ಳದಲ್ಲಿ ರಾತ್ರೋರಾತ್ರಿ ಮರಳು ತುಂಬಿದ ಟ್ರ್ಯಾಕ್ಟರೊಂದು ಪಾಸ್ ಇಲ್ಲದೆ ರಸ್ತೆಗೆ ಬರುತ್ತದೆ. ಪೊಲೀಸರು ಹಿಡಿಯುತ್ತಾರೆ, ಟ್ರ್ಯಾಕ್ಟರ್ ಠಾಣೆಯ ಮುಂದೆ ನಿಲ್ಲುತ್ತದೆ. ಮಾಲೀಕ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಅಲೆದು, ಹೇಳಿದಷ್ಟು ದಂಡ ಕಟ್ಟಿ, ರಸೀದಿ ತಂದು, ಗಾಡಿ ಬಿಡಿಸಿಕೊಂಡು ಮನೆಗೆ ಹೋಗುತ್ತಾನೆ. ಅವನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಆರು ತಿಂಗಳ ಮೇಲೆ ಜೆಎಂಎಫ್‌ಸಿ ಕೋರ್ಟಿನಿಂದ ಸಮನ್ಸ್ ಬರುತ್ತದೆ. ಆರೋಪ ಕಳ್ಳತನ.

ಗಣಿ ಕಾಯ್ದೆ ಎಂದು ನಾವು ಕರೆಯುವ 1957ರ ಎಂಎಂಡಿಆರ್ ಕಾಯ್ದೆಯ 22ನೇ ಕಲಂ ಪ್ರಕಾರ, ಅಧಿಕಾರ ಪಡೆದ ಅಧಿಕಾರಿ ಲಿಖಿತ ದೂರು ಕೊಡದೆ ಆ ಕಾಯ್ದೆಯಡಿ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಅದೇ ಕಾಯ್ದೆಯ 23ಎ ಕಲಂ, ದಂಡ ಕಟ್ಟಿಸಿಕೊಂಡು ರಾಜಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ರಾಜಿಯಾದರೆ ಆ ಅಪರಾಧದ ಮೇಲೆ ಮುಂದೆ ಕೇಸು ನಡೆಯುವುದಿಲ್ಲ. ಟ್ರ್ಯಾಕ್ಟರ್ ಮಾಲೀಕ ನೆಚ್ಚಿಕೊಂಡಿದ್ದು ಇದನ್ನೇ, ಅಷ್ಟರ ಮಟ್ಟಿಗೆ ಅವನ ಮಾತು ಸರಿಯೂ ಹೌದು.

ಆದರೆ ನದಿಯ ಮರಳು ಸರ್ಕಾರದ ಆಸ್ತಿ. ಅದನ್ನು ಕೇಳದೆ ಕೊಂಡೊಯ್ಯುವುದು ಕಳ್ಳತನವೂ ಆಗುತ್ತದೆಯೇ? ದೆಹಲಿಯ ಯಮುನೆಯ ಮರಳು ಮತ್ತು ಗುಜರಾತಿನ ಪ್ರಕರಣಗಳನ್ನು ಒಟ್ಟಿಗೆ ಕೇಳಿದ ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 4ರಂದು ಹೌದು ಎಂದಿತು. ಸಂಜಯ್ ಪ್ರಕರಣ ಎಂದು ಹೆಸರಾದ ಆ ತೀರ್ಪಿನ ಪ್ರಕಾರ ಪರವಾನಗಿ ಇಲ್ಲದೆ ಗಣಿಗಾರಿಕೆ ಮಾಡುವುದು ಒಂದು ಅಪರಾಧ, ಸರ್ಕಾರದ ಸ್ವಾಧೀನದಲ್ಲಿರುವ ವಸ್ತುವನ್ನು ಅಪ್ರಾಮಾಣಿಕವಾಗಿ ಒಯ್ಯುವುದು ಇನ್ನೊಂದು. ಎರಡಕ್ಕೂ ರುಜುವಾತು ಮಾಡಬೇಕಾದ ಅಂಶಗಳು ಬೇರೆ ಬೇರೆ. 2020ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶದ ಜಯಂತ್ ಪ್ರಕರಣದಲ್ಲಿ ಕೋರ್ಟು ಇದಕ್ಕೆ ಇನ್ನೊಂದು ಮಾತು ಸೇರಿಸಿತು: ದಂಡ ಕಟ್ಟಿ ರಾಜಿಯಾದರೆ ಗಣಿ ಕಾಯ್ದೆಯ ಕೇಸು ಮುಗಿಯುತ್ತದೆ, ಕಳ್ಳತನದ ಕೇಸು ಮುಗಿಯುವುದಿಲ್ಲ.

ಇದರ ಬೇರು 1953ರಷ್ಟು ಹಿಂದಿದೆ. ಜೆಡ್ಡಾದಿಂದ ಮುಂಬೈನ ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕೆ ಚಿನ್ನ ತಂದಿದ್ದ ಮಕ್ಬೂಲ್ ಹುಸೇನ್ ಎಂಬವರ ಚಿನ್ನವನ್ನು ಕಸ್ಟಮ್ಸ್‌ನವರು ಮುಟ್ಟುಗೋಲು ಹಾಕಿಕೊಂಡರು. ಆಮೇಲೆ ವಿದೇಶಿ ವಿನಿಮಯ ಕಾನೂನಿನಡಿ ಕ್ರಿಮಿನಲ್ ಕೇಸೂ ಹೂಡಿದರು. ಒಮ್ಮೆ ಶಿಕ್ಷೆಯಾಗಿದೆಯಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಸ್ಟಮ್ಸ್ ಅಧಿಕಾರಿ ನ್ಯಾಯಾಲಯವಲ್ಲ, ಅಲ್ಲಿ ನಡೆದದ್ದು ವಿಚಾರಣೆಯೂ ಅಲ್ಲ ಎಂದಿತು. ಮರುವರ್ಷವೇ ವೆಂಕಟರಾಮನ್ ಪ್ರಕರಣದಲ್ಲಿ ಇಲಾಖಾ ವಿಚಾರಣೆಗೂ ಇದೇ ಮಾತು ಅನ್ವಯವಾಯಿತು. ಟಿಕೆಟ್ ಹಣ ತಿಂದ ಆರೋಪದಲ್ಲಿ ಸಾರಿಗೆ ಸಂಸ್ಥೆ ಕೆಲಸದಿಂದ ತೆಗೆದುಹಾಕಿದ ನಿರ್ವಾಹಕನ ಮೇಲೆ ಕ್ರಿಮಿನಲ್ ಕೇಸೂ ನಡೆಯಬಹುದಾದದ್ದು ಇದೇ ಕಾರಣಕ್ಕೆ.

ತತ್ವವಾಗಿ ಇದು ಸರಿ ಎಂದೇ ನನ್ನ ಅಭಿಪ್ರಾಯ. ತುಂಗಭದ್ರೆಯ ಒಡಲು ಬಗೆದು ಲಾರಿಗಟ್ಟಲೆ ಮರಳು ಸಾಗಿಸುವವರಿಗೆ ದಂಡ ಒಂದು ವ್ಯಾಪಾರದ ಖರ್ಚು, ಕಟ್ಟಿ ಮರುದಿನವೇ ಮತ್ತೆ ಇಳಿಯುತ್ತಾರೆ. ಅಂಥವರಿಗೆ ಜೈಲಿನ ಭಯ ಇರಲೇಬೇಕು. ಆದರೆ ಅದೇ ನಿಯಮ ಮನೆ ಕಟ್ಟಲು ಒಂದು ಟ್ರಿಪ್ ಮರಳು ತಂದ ರೈತನ ಮೇಲೂ ಅಷ್ಟೇ ಭಾರ ಹಾಕುತ್ತದೆ. ಕಡೇಪಕ್ಷ ದಂಡ ಕಟ್ಟಿಸಿಕೊಳ್ಳುವ ಕೌಂಟರಿನಲ್ಲೇ ‘ಇದರಿಂದ ಕಳ್ಳತನದ ಕೇಸು ಹೋಗುವುದಿಲ್ಲ’ ಎಂದು ಕನ್ನಡದಲ್ಲಿ ಬರೆದು ಹಾಕಲಿ. ರಸೀದಿಯ ಮೇಲೇ ಅಚ್ಚು ಹಾಕಿಸಿದರೆ ಇನ್ನೂ ಒಳ್ಳೆಯದು. ಜನ ತಾವು ಏನನ್ನು ಮುಗಿಸುತ್ತಿದ್ದೇವೆ, ಏನನ್ನು ಇಲ್ಲ ಎಂದು ತಿಳಿದು ಹಣ ಕಟ್ಟಬೇಕು.

ನದಿಯ ಯಾವ ದಂಡೆ?

ಇನ್ನು ಠಾಣೆ ಮತ್ತು ಕೋರ್ಟಿನ ವ್ಯಾಪ್ತಿಯ ಮಾತು. ಆನೆಗೊಂದಿಯ ದಂಡೆಯಲ್ಲಿ ನಿಂತರೆ ಎದುರಿಗೆ ಹಂಪಿ. ನಡುವೆ ತುಂಗಭದ್ರೆ. ಈ ದಂಡೆ ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ. ಆ ದಂಡೆ ಹೊಸಪೇಟೆ ತಾಲ್ಲೂಕು, 2021ರಿಂದ ವಿಜಯನಗರ ಜಿಲ್ಲೆ. ಇನ್ನಷ್ಟು ಕೆಳಗೆ ಹೋದರೆ ಕಂಪ್ಲಿ, ಅದು ಬಳ್ಳಾರಿ ಜಿಲ್ಲೆ. ನದಿಯ ನಟ್ಟನಡುವೆ ಮರಳು ತೆಗೆದರೆ ಕೇಸು ಯಾವ ಠಾಣೆಯದು?

1948ರ ಮೊದಲು ಈ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಆಗ ಹರಿಗೋಲಿನಲ್ಲಿ ನದಿ ದಾಟಿದರೆ ರಾಜ್ಯವೇ ಬದಲಾಗುತ್ತಿತ್ತು. ಆನೆಗೊಂದಿ ನಿಜಾಮರ ಹೈದರಾಬಾದಿನ ರಾಯಚೂರು ಜಿಲ್ಲೆಯಲ್ಲಿ, ಹಂಪಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ. ಎರಡೂ ಕಡೆ ಬೇರೆ ಪೊಲೀಸರು, ಬೇರೆ ಕಾನೂನು, ಬೇರೆ ಹೈಕೋರ್ಟು. ಸ್ವಾತಂತ್ರ್ಯದ ನಂತರವೂ, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದ ಮೇಲೂ, 1956ರ ನವೆಂಬರ್ 1ರವರೆಗೆ ಈ ನದಿ ಎರಡು ರಾಜ್ಯಗಳ ಗಡಿಯಾಗಿಯೇ ಹರಿಯಿತು. 1950ರಲ್ಲಿ ಸಂವಿಧಾನ, 1951ರ ಏಪ್ರಿಲ್ 1ರಂದು ಅಖಿಲ ಭಾರತದ ದಂಡ ಪ್ರಕ್ರಿಯಾ ಸಂಹಿತೆ ಹೈದರಾಬಾದಿಗೂ ಬಂದ ಮೇಲೆ ಎರಡೂ ದಂಡೆಗೆ ಒಂದೇ ನಿಯಮವಾಯಿತು. ಅಮೆರಿಕದಲ್ಲಿ ಇಂದಿಗೂ ರಾಜ್ಯ ಸರ್ಕಾರ ಮತ್ತು ಕೇಂದ್ರ ಸರ್ಕಾರ ಒಂದೇ ಕೃತ್ಯಕ್ಕೆ ಒಬ್ಬನನ್ನು ಬೇರೆ ಬೇರೆಯಾಗಿ ಶಿಕ್ಷಿಸಬಹುದು, 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿಹಿಡಿದಿದೆ. ನಮ್ಮಲ್ಲಿ ಹಾಗಿಲ್ಲ. ಆನೆಗೊಂದಿಯಲ್ಲಿ ಮುಗಿದ ಕೇಸು ಹಂಪಿಯಲ್ಲೂ ಮುಗಿದಂತೆಯೇ.

ಇಂದಿನ ಕಾನೂನು ನಡುನೀರಿನ ಗೊಂದಲಕ್ಕೆ ಸರಳ ಉತ್ತರ ಕೊಡುತ್ತದೆ. ಅಪರಾಧ ನಡೆದ ಜಾಗದ ಕೋರ್ಟೇ ವಿಚಾರಣೆ ನಡೆಸಬೇಕು ಎಂಬುದು ಸಾಮಾನ್ಯ ನಿಯಮ. ಯಾವ ವ್ಯಾಪ್ತಿ ಎಂದು ಖಚಿತವಿಲ್ಲದಿದ್ದರೆ, ಅಥವಾ ಕೃತ್ಯ ಎರಡು ಕಡೆ ಹರಡಿದ್ದರೆ, ಎರಡರಲ್ಲಿ ಯಾವ ಕೋರ್ಟಾದರೂ ನಡೆಸಬಹುದು. ಎರಡೂ ಕೋರ್ಟುಗಳು ಒಂದೇ ಅಪರಾಧವನ್ನು ಕೈಗೆತ್ತಿಕೊಂಡರೆ ಹೈಕೋರ್ಟ್ ತೀರ್ಮಾನಿಸುತ್ತದೆ. ದೂರು ಕೊಡಲು ಬಂದವರನ್ನು ‘ಇದು ನಮ್ಮ ಲಿಮಿಟ್ಸ್ ಅಲ್ಲ’ ಎಂದು ವಾಪಸ್ ಕಳಿಸುವಂತೆಯೂ ಇಲ್ಲ. ಹೊಸ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಳ್ಳಬೇಕು. ಅದನ್ನೇ ಝೀರೋ ಎಫ್‌ಐಆರ್ ಎನ್ನುವುದು.

ಈ ಜಿಲ್ಲೆಯ ವ್ಯಾಪ್ತಿಯ ಕಥೆಗೆ ಇನ್ನೂ ಒಂದು ಸುತ್ತು ಇದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಕಂದಾಯಕ್ಕೆ ಕಲಬುರಗಿ ವಿಭಾಗ, ಹೈಕೋರ್ಟಿಗೆ ಧಾರವಾಡ ಪೀಠ. ಕಾರಟಗಿಯ ಪಕ್ಕದ ಸಿಂಧನೂರು ರಾಯಚೂರು ಜಿಲ್ಲೆಯಾದ್ದರಿಂದ ಅಲ್ಲಿನ ಮೇಲ್ಮನವಿ ಕಲಬುರಗಿ ಪೀಠಕ್ಕೆ ಹೋಗುತ್ತದೆ. ಗದ್ದೆಯ ಬದುವಿನ ಜಗಳ ಈ ಕಡೆ ಆಯಿತೋ ಆ ಕಡೆ ಆಯಿತೋ ಎಂಬುದರ ಮೇಲೆ ಕಕ್ಷಿದಾರ ಹತ್ತಬೇಕಾದ ಬಸ್ಸೂ ಬದಲಾಗುತ್ತದೆ.

ವ್ಯಾಪ್ತಿ ತಪ್ಪುವುದರಲ್ಲಿ ಎರಡು ಬಗೆ. ಕುಷ್ಟಗಿಯ ಕೇಸನ್ನು ಯಲಬುರ್ಗಾದ ಮ್ಯಾಜಿಸ್ಟ್ರೇಟರು ನಡೆಸಿ ತೀರ್ಪು ಕೊಟ್ಟರೆ, ಜಾಗ ತಪ್ಪಿತು ಎಂಬ ಒಂದೇ ಕಾರಣಕ್ಕೆ ತೀರ್ಪು ಬಿದ್ದುಹೋಗುವುದಿಲ್ಲ. ಅದರಿಂದ ನ್ಯಾಯಕ್ಕೆ ಚ್ಯುತಿಯಾಗಿದೆ ಎಂದು ತೋರಿಸಬೇಕು. 1987ರ ಕುಪ್ಪುಸ್ವಾಮಿ ಗೌಂಡರ್ ಪ್ರಕರಣ ಕರ್ನಾಟಕದ್ದೇ, ಸುಪ್ರೀಂ ಕೋರ್ಟ್ ಅದರಲ್ಲಿ ಈ ನಿಯಮವನ್ನು ಸ್ಪಷ್ಟಪಡಿಸಿದೆ. ಕಬ್ಬಿಣದ ಅದಿರಿಗೆ ಸಂಬಂಧಿಸಿದ ಪ್ರದೀಪ್ ಒಡೆಯರ್ ಪ್ರಕರಣದಲ್ಲೂ 2021ರಲ್ಲಿ ಇದೇ ದಾರಿ ಹಿಡಿಯಿತು: ವಿಶೇಷ ನ್ಯಾಯಾಲಯ ನೇರವಾಗಿ ಕೇಸು ಕೈಗೆತ್ತಿಕೊಂಡದ್ದು ಕ್ರಮಬದ್ಧವಲ್ಲದಿದ್ದರೂ ಅಷ್ಟಕ್ಕೇ ಅದನ್ನು ರದ್ದು ಮಾಡಲಾಗದು ಎಂದಿತು. ಆದರೆ ಸೆಷನ್ಸ್ ಕೋರ್ಟು ಮಾತ್ರ ನಡೆಸಬೇಕಾದ ಕೊಲೆ ಕೇಸನ್ನು ಮ್ಯಾಜಿಸ್ಟ್ರೇಟರೇ ನಡೆಸಿಬಿಟ್ಟರೆ? ಅದು ಜಾಗದ ತಪ್ಪಲ್ಲ, ಅಧಿಕಾರವೇ ಇಲ್ಲದ ತಪ್ಪು. ಆ ವಿಚಾರಣೆ ನಡೆದೇ ಇಲ್ಲ ಎಂದು ಕಾನೂನು ಲೆಕ್ಕ ಹಾಕುತ್ತದೆ. ನಡೆಯದ ವಿಚಾರಣೆಯಿಂದ ಡಬಲ್ ಜೆಪರ್ಡಿಯ ರಕ್ಷಣೆ ಹುಟ್ಟುವುದಿಲ್ಲ, ಮತ್ತೆ ಮೊದಲಿನಿಂದ ಕಟಕಟೆ ಹತ್ತಬೇಕು.

ಇದರ ಕಹಿ ಉಂಡವರು ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್ ಒಬ್ಬರು. ಅವರ ಹೆಸರಿನ ನಂಜಪ್ಪ ಪ್ರಕರಣ ಕರ್ನಾಟಕದ್ದೇ, ತೀರ್ಪು ಬಂದದ್ದು 2015ರ ಜುಲೈಯಲ್ಲಿ. 500 ರೂಪಾಯಿ ಲಂಚದ ಆರೋಪ. ವಿಚಾರಣೆಗೆ ಬೇಕಾದ ಪೂರ್ವಾನುಮತಿಯನ್ನು ಅಧಿಕಾರವುಳ್ಳವರು ಕೊಟ್ಟಿರಲಿಲ್ಲ ಎಂದು ವಿಚಾರಣಾ ನ್ಯಾಯಾಲಯ ಖುಲಾಸೆ ಮಾಡಿತು, ಹೈಕೋರ್ಟ್ ಅದನ್ನು ತಿರುವಿ ಶಿಕ್ಷೆ ಕೊಟ್ಟಿತು. ಸುಪ್ರೀಂ ಕೋರ್ಟ್ ಎರಡನ್ನೂ ಒಪ್ಪಲಿಲ್ಲ. ಸರಿಯಾದ ಪೂರ್ವಾನುಮತಿ ಇಲ್ಲದಿದ್ದರೆ ನ್ಯಾಯಾಧೀಶರಿಗೆ ವಿಚಾರಣೆಯ ಅಧಿಕಾರವೇ ಬರುವುದಿಲ್ಲ, ಆದ್ದರಿಂದ ಖುಲಾಸೆಯೂ ಊರ್ಜಿತವಲ್ಲ, ಶಿಕ್ಷೆಯೂ ಊರ್ಜಿತವಲ್ಲ, ಹೊಸ ಅನುಮತಿ ಪಡೆದು ಮತ್ತೆ ಕೇಸು ನಡೆಸಲು ಕಾನೂನಿನ ಅಡ್ಡಿ ಇಲ್ಲ ಎಂದಿತು. ಆದರೆ ಅಷ್ಟು ವರ್ಷ ಕಳೆದ ಮೇಲೆ, ಅಷ್ಟು ಸಣ್ಣ ಮೊತ್ತಕ್ಕಾಗಿ, ಮತ್ತೊಂದು ಸುತ್ತು ಬೇಡ ಎಂದು ಅಲ್ಲಿಗೇ ನಿಲ್ಲಿಸಿತು. ಆ ದಯೆ ಆ ವ್ಯಕ್ತಿಗೆ ಸಿಕ್ಕಿತು. ಅದು ಎಲ್ಲರಿಗೂ ಸಿಗುವ ಹಕ್ಕಲ್ಲ. ಅನುಮತಿ ಪತ್ರಕ್ಕೆ ಸಹಿ ಹಾಕಬೇಕಾದವರು ಯಾರೆಂದು ಮೊದಲ ದಿನವೇ ನೋಡಿದ್ದರೆ ಒಬ್ಬ ಮನುಷ್ಯನ ಇಷ್ಟು ವರ್ಷ ಕೋರ್ಟಿನಲ್ಲಿ ಸವೆಯುತ್ತಿರಲಿಲ್ಲ.

ಮರಕುಂಬಿಯಿಂದ ಹೈದರಾಬಾದಿನವರೆಗೆ

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ 5 ವರ್ಷ ಶಿಕ್ಷೆ ವಿಧಿಸಿತು. ದೌರ್ಜನ್ಯ ತಡೆ ಕಾಯ್ದೆ ಮತ್ತು ದಂಡ ಸಂಹಿತೆ, ಎರಡರ ಆರೋಪವೂ ಒಂದೇ ಕೃತ್ಯಕ್ಕೆ ಹೇಗೆ ಎಂದು ಕೇಳುವವರಿದ್ದಾರೆ. ಒಂದೇ ವಿಚಾರಣೆಯಲ್ಲಿ ಹಲವು ಕಲಂಗಳಡಿ ಆರೋಪ ಹೊರಿಸುವುದು ಎರಡು ಸಲದ ವಿಚಾರಣೆಯಲ್ಲ. ಮುಂದಿನ ತಿಂಗಳು ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ಮೇಲ್ಮನವಿ ಕೂಡ ಮೊದಲ ವಿಚಾರಣೆಯ ಮುಂದುವರಿಕೆಯೇ. ಖುಲಾಸೆಯ ವಿರುದ್ಧ ಸರ್ಕಾರ ಮೇಲ್ಮನವಿ ಹೋದರೂ ಅಷ್ಟೇ, ಹೊಸ ಕೇಸಾಗುವುದಿಲ್ಲ. ಮರಕುಂಬಿಯ ನೊಂದವರು ಹತ್ತು ವರ್ಷ ಕಾದ ನ್ಯಾಯ ಅಧಿಕಾರವುಳ್ಳ ಕೋರ್ಟಿನಿಂದಲೇ ಬಂತು ಎಂಬುದು ಸಣ್ಣ ಮಾತಲ್ಲ. ಇಲ್ಲದಿದ್ದರೆ ಆ ಸಾಕ್ಷಿಗಳು ಅದೇ ಊರಿನಲ್ಲಿ ಬದುಕಿಕೊಂಡು ಇನ್ನೊಮ್ಮೆ ಕಟಕಟೆ ಏರಬೇಕಿತ್ತು.

ಗಂಗಾವತಿಯ ಶಾಸಕ ಜಿ. ಜನಾರ್ದನ ರೆಡ್ಡಿ ಅವರ ಅಕ್ರಮ ಗಣಿಗಾರಿಕೆ ಪ್ರಕರಣ ವ್ಯಾಪ್ತಿಯ ಇನ್ನೊಂದು ಮುಖ. ಓಬಳಾಪುರಂ ಗಣಿ ಆಂಧ್ರದ ಅನಂತಪುರ ಜಿಲ್ಲೆಯದು. ವಿಚಾರಣೆ ನಡೆದದ್ದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯದಲ್ಲಿ, ಅದು ಈಗ ತೆಲಂಗಾಣ. 2025ರ ಮೇ 6ರಂದು 7 ವರ್ಷದ ಶಿಕ್ಷೆಯಾಗಿ ಅವರ ಶಾಸಕತ್ವ ಹೋಯಿತು. ಜೂನ್ 11ರಂದು ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟ ಮೇಲೆ ಅದು ಮರಳಿ ಬಂತು. ಆಂಧ್ರದ ಗಣಿ, ತೆಲಂಗಾಣದ ತೀರ್ಪು, ಗಂಗಾವತಿಯ ಮತದಾರ ಹೀಗೆ ಒಂದೇ ಎಳೆಗೆ ಬಂದರು. ಕರ್ನಾಟಕದ ಭಾಗದ ಅಸೋಸಿಯೇಟೆಡ್ ಮೈನಿಂಗ್ ಕಂಪನಿಯ ಕೇಸು ಬೆಂಗಳೂರಿನಲ್ಲಿ ಬೇರೆಯಾಗಿಯೇ ಇದೆ. ಆರೋಪಿ ಒಬ್ಬರೇ ಇದ್ದರೂ, ಬೆಟ್ಟದ ಸಾಲು ಒಂದೇ ಆಗಿದ್ದರೂ, ಗಣಿ ಬೇರೆ, ಸಂಗತಿ ಬೇರೆ, ಆದ್ದರಿಂದ ಅಪರಾಧವೂ ಬೇರೆ.

ಅದೇ ಸಂಗತಿಯನ್ನು ತುಂಡು ತುಂಡು ಮಾಡಿ ಹೊಸ ಹೊಸ ಕೇಸು ಹಾಕುವುದು ಮಾತ್ರ ಸಲ್ಲದು. ಕೇರಳದ ಪೆರಾಂಬ್ರಾ ಬೀಜ ಕ್ಷೇತ್ರದ ಕೃಷಿ ಅಧಿಕಾರಿಯೊಬ್ಬರಿಗೆ ಹಣ ದುರುಪಯೋಗಕ್ಕೆ ಒಮ್ಮೆ ಶಿಕ್ಷೆಯಾದ ಮೇಲೆ ಅದೇ ಅವಧಿಯ ಲೆಕ್ಕದ ಮೇಲೆ ಮತ್ತೆ ಕೇಸು ಹೂಡಿದ್ದನ್ನು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆ ಪೀಠದಲ್ಲಿ ಕನ್ನಡದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಪಂಚಾಯಿತಿ, ಸಹಕಾರ ಸಂಘಗಳ ಲೆಕ್ಕಪತ್ರದ ಕೇಸುಗಳನ್ನು ನಡೆಸುವ ನಮ್ಮ ಭಾಗದ ವಕೀಲರು ಈ ತೀರ್ಪನ್ನು ಕೈಯಲ್ಲೇ ಇಟ್ಟುಕೊಳ್ಳಬೇಕು.

ಭತ್ತದ ಊರಿನ ಚೆಕ್ಕು

ಭತ್ತದ ಕಣಜ ಎನಿಸಿದ ಗಂಗಾವತಿ, ಕಾರಟಗಿಗಳಲ್ಲಿ ವ್ಯಾಪ್ತಿಯ ಪ್ರಶ್ನೆ ನೇರವಾಗಿ ಜೇಬಿಗೆ ತಟ್ಟುತ್ತದೆ. ಗಂಗಾವತಿಯ ರೈಸ್ ಮಿಲ್ಲಿನವರು ಚೆನ್ನೈನ ವ್ಯಾಪಾರಿಗೆ ಸೋನಾ ಮಸೂರಿ ಕಳಿಸಿ, ಅವನು ಕೊಟ್ಟ ಚೆಕ್ಕು ಬೌನ್ಸ್ ಆಯಿತೆನ್ನಿ. ಮೊದಲು ಗಂಗಾವತಿಯಲ್ಲೇ ಕೇಸು ಹಾಕಬಹುದಿತ್ತು. 2014ರ ಆಗಸ್ಟ್ 1ರಂದು ದಶರಥ ರೂಪಸಿಂಗ್ ರಾಠೋಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚೆಕ್ಕು ಕೊಟ್ಟವನ ಬ್ಯಾಂಕು ಇರುವ ಊರಿನಲ್ಲೇ ಕೇಸು ನಡೆಯಬೇಕು ಎಂದಿತು. ಬಾಕಿ ವಸೂಲಿಗೆಂದು ಮಿಲ್ಲಿನವರು ವಾಯ್ದೆ ವಾಯ್ದೆಗೂ ಚೆನ್ನೈಗೆ ಹೋಗಬೇಕಾದ ಸ್ಥಿತಿ. ವರ್ಷ ತುಂಬುವುದರೊಳಗೆ, 2015ರ ಜೂನ್‌ನಲ್ಲಿ, ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಕಾನೂನನ್ನೇ ತಿದ್ದಿತು. ಈಗ ಚೆಕ್ಕು ಪಡೆದವನು ಅದನ್ನು ತನ್ನ ಖಾತೆಗೆ ಹಾಕಿದ ಶಾಖೆಯ ಊರಿನಲ್ಲೇ ಕೇಸು. ದುಡ್ಡು ಕಳೆದುಕೊಂಡವನ ಕಷ್ಟ ನೋಡಿ ಮಾಡಿದ ತಿದ್ದುಪಡಿ ಇದು, ಆಗಬೇಕಾದ್ದೇ ಆಯಿತು.

ಆದರೆ ಚೆಕ್ಕಿನ ಎರಡನೇ ಪ್ರಶ್ನೆ ಇನ್ನೂ ಗಂಟಾಗಿಯೇ ಉಳಿದಿದೆ. ಅದೇ ಚೆಕ್ಕಿನ ಮೇಲೆ ಚೆಕ್ ಬೌನ್ಸಿನ 138ನೇ ಕಲಂ ಕೇಸೂ ಹಾಕಿ, ಹಳೆಯ ದಂಡ ಸಂಹಿತೆಯಲ್ಲಿ 420 ಆಗಿದ್ದ ವಂಚನೆ ಕೇಸೂ ಹಾಕಬಹುದೇ? 2011ರಲ್ಲಿ ಕೊಲ್ಲಾ ವೀರರಾಘವ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡದು ಎಂದಿತು: ಅಪರಾಧ ಬೇರೆಯಾದರೂ ಸಂಗತಿ ಒಂದೇ, 300ನೇ ಕಲಂ ಸಂವಿಧಾನದ ವಿಧಿಗಿಂತ ವಿಶಾಲ ಎಂಬುದು ಅದರ ವಾದ. ಮರುವರ್ಷ ಸಂಗೀತಾಬೆನ್ ಪಟೇಲ್ ಪ್ರಕರಣದಲ್ಲಿ ಇನ್ನೊಂದು ಪೀಠ ಆಗಬಹುದು ಎಂದಿತು: ವಂಚನೆಗೆ ಮೊದಲಿನಿಂದಲೇ ಮೋಸದ ಉದ್ದೇಶ ಇರಬೇಕು, ಚೆಕ್ ಬೌನ್ಸಿಗೆ ಅದು ಬೇಕಿಲ್ಲ. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠಗಳೇ. 2022ರಲ್ಲಿ ವೇದಸಿಂಗ್ ಪ್ರಕರಣ ಬಂದಾಗ ಕೋರ್ಟು ಈ ಭಿನ್ನಾಭಿಪ್ರಾಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. ಬಾಕಿ ವಸೂಲಿಗಾಗಿ ಠಾಣೆಯ ಮೂಲಕ ಒತ್ತಡ ಹಾಕಿಸುವ ಚಾಳಿ ನಮ್ಮ ಪೇಟೆಗಳಲ್ಲಿ ಹಳೆಯದು. ಈ ಗೊಂದಲ ಅದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ ಎಂಬುದು ನನ್ನ ಆತಂಕ.

ಇಷ್ಟರ ನಡುವೆ ಕಟಕಟೆ ಹತ್ತಿದವರು ಮಾಡಬಹುದಾದ ಕೆಲಸವೊಂದಿದೆ. ಹಳೆಯ ಕೇಸಿನಲ್ಲಿ ಶಿಕ್ಷೆಯಾಗಲಿ, ಖುಲಾಸೆಯಾಗಲಿ, ಆ ತೀರ್ಪಿನ ದೃಢೀಕೃತ ನಕಲನ್ನು ಅರ್ಜಿ ಹಾಕಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು. ‘ಇದು ಒಮ್ಮೆ ಮುಗಿದಿದೆ’ ಎಂದು ಹೊಸ ಕೋರ್ಟಿನಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ. ನಕಲನ್ನು ಹಾಜರುಪಡಿಸಿ, ಆರೋಪ ಹೊರಿಸುವ ಹಂತದಲ್ಲೇ 337ನೇ ಕಲಂ ಅಡಿ ಆಕ್ಷೇಪಣೆ ಎತ್ತಬೇಕು. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದವರು ಕೊಪ್ಪಳದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ವಕೀಲರನ್ನು ಉಚಿತವಾಗಿ ಒದಗಿಸಬೇಕು.